ಹಳೆಯ ಗಿಟಾರುಗಳ ಪೇಟೆ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಟೆನೆಸೀ ಪ್ರಾಂತದ ರಾಜಧಾನಿ ನ್ಯಾಶ್‌ವಿಲ್. ಕಂಬರ್ಲೆಂಡ್ ನದಿಯ ದಂಡೆಯ ಮೇಲಿರುವ ಈ ಊರಿಗೆ ಒಂದು ಕಾಲದಲ್ಲಿ ‘ದಕ್ಷಿಣದ ಅಥೆನ್ಸ್’ ಎಂಬ ಬಿರುದಿತ್ತು. ಆ ಹೆಮ್ಮೆಗೆ ಕುರುಹಾಗಿ 1897ರ ವಸ್ತುಪ್ರದರ್ಶನದ ಸಮಯದಲ್ಲಿ ಗ್ರೀಸಿನ ಪಾರ್ಥೆನಾನ್ ದೇವಾಲಯದ ಪೂರ್ಣಪ್ರಮಾಣದ ಪ್ರತಿಕೃತಿಯೊಂದನ್ನು ಇಲ್ಲಿ ಕಟ್ಟಿದರು. ಮುಂದೆ ಅದು ಕಾಂಕ್ರೀಟಿನಲ್ಲಿ ಪುನರ್ನಿರ್ಮಾಣಗೊಂಡು ಉದ್ಯಾನದ ನಡುವೆ ಗಂಭೀರವಾಗಿ ನಿಂತಿದೆ. ಆದರೆ ಊರಿಗೆ ಬರುವ ಪ್ರವಾಸಿಗರಲ್ಲಿ ಬಹುಮಂದಿ ಆ ದೇವಾಲಯಕ್ಕಾಗಿ ಬರುವವರಲ್ಲ. ಅವರೆಲ್ಲ ನೇರವಾಗಿ ನಡೆಯುವುದು ಬ್ರಾಡ್‌ವೇ ಎಂಬ ಬೀದಿಗೆ.

ನದಿಯ ಕಡೆಗೆ ಇಳಿಯುವ ಈ ಬೀದಿಯ ಕೆಳತುದಿಯಲ್ಲಿ ಹಾಡಿಗೆ ಹೊತ್ತುಗೊತ್ತೆಂಬುದಿಲ್ಲ. ಎರಡು ಬದಿಯ ಪಾನಗೃಹಗಳ ಕಿಟಕಿಗಳು ತೆರೆದೇ ಇರುತ್ತವೆ. ಒಂದರಿಂದ ಹೊರಟ ಹಾಡು ಮುಗಿಯುವ ಮೊದಲೇ ಪಕ್ಕದ ಇನ್ನೊಂದರ ಹಾಡು ಅದರ ಮೇಲೆ ಬೀಳುತ್ತದೆ. ಹೆಗಲ ಮೇಲೆ ಗಿಟಾರಿನ ಪೆಟ್ಟಿಗೆಯನ್ನು ಹೊತ್ತ ತರುಣ ತರುಣಿಯರು ಬೀದಿಯುದ್ದಕ್ಕೂ ಓಡಾಡುತ್ತಾರೆ. ಉಡುಪಿಯ ರಥಬೀದಿಯಲ್ಲಿ ತಂಬಿಗೆ ಹಿಡಿದು ನಡೆಯುವವರನ್ನು ಯಾರೂ ತಿರುಗಿ ನೋಡದಂತೆ, ಇಲ್ಲಿ ಗಿಟಾರು ಹೊತ್ತವರನ್ನು ಯಾರೂ ತಿರುಗಿ ನೋಡುವುದಿಲ್ಲ.

ಬೀದಿಯಿಂದ ಕೆಲವೇ ಹೆಜ್ಜೆಗಳ ದೂರದಲ್ಲಿ ಕೆಂಪು ಇಟ್ಟಿಗೆಯ ಹಳೆಯ ಕಟ್ಟಡವೊಂದಿದೆ. ನದಿಯಲ್ಲಿ ಹಡಗು ನಡೆಸಿ ಶ್ರೀಮಂತನಾದ ಥಾಮಸ್ ರೈಮನ್ ಎಂಬಾತನು ಸ್ಯಾಮ್ ಜೋನ್ಸ್ ಎಂಬ ಧರ್ಮಬೋಧಕನ ಮಾತಿಗೆ ಮನಸೋತು ಇದನ್ನು ಪ್ರಾರ್ಥನಾಮಂದಿರವಾಗಿ ಕಟ್ಟಿಸಿದನು. 1892ರಲ್ಲಿ ಮಂದಿರ ಪೂರ್ಣಗೊಂಡಿತು. 1943ರಿಂದ 1974ರವರೆಗೆ ಇದೇ ಕಟ್ಟಡದಿಂದ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ರೇಡಿಯೋ ಕಾರ್ಯಕ್ರಮ ಪ್ರಸಾರವಾಗುತ್ತಿತ್ತು. ಶನಿವಾರದ ರಾತ್ರಿ ಗುಡ್ಡಗಾಡಿನ ರೈತರೂ ಗಣಿಯ ಕೂಲಿಗಳೂ ತಮ್ಮ ಮನೆಯ ರೇಡಿಯೋ ಮುಂದೆ ಕುಳಿತು ಕೇಳುತ್ತಿದ್ದ ಹಾಡುಗಾರಿಕೆ ಇದು. ಆಸನಗಳು ಇಂದಿಗೂ ಪ್ರಾರ್ಥನಾಮಂದಿರದ ಮರದ ಬೆಂಚುಗಳೇ. ಆಪ್ರಿ ಬೇರೆಡೆಗೆ ಹೋದ ಬಳಿಕ ಕಟ್ಟಡ ಪಾಳುಬಿದ್ದು, ಕೆಡವುವ ಮಾತೂ ಬಂದಿತ್ತು. ಅದೃಷ್ಟವಶಾತ್ ಉಳಿದುಕೊಂಡು, 1994ರಲ್ಲಿ ಜೀರ್ಣೋದ್ಧಾರಗೊಂಡು ಮತ್ತೆ ಬಾಗಿಲು ತೆರೆಯಿತು.

ಈ ರೈಮನ್ ಸಭಾಂಗಣದ ಹಿಂಬದಿಯ ಬೀದಿಯಲ್ಲಿ 1970ರಲ್ಲಿ ಒಂದು ಪುಟ್ಟ ಅಂಗಡಿ ತೆರೆಯಿತು. ಅದನ್ನು ಆರಂಭಿಸಿದವರಲ್ಲಿ ಮುಖ್ಯನಾದ ಜಾರ್ಜ್ ಗ್ರೂನ್ ವಿಶ್ವವಿದ್ಯಾನಿಲಯದಲ್ಲಿ ಓದಿದ್ದು ಪ್ರಾಣಿಶಾಸ್ತ್ರ. ಅವನಿಗೆ ಪ್ರಿಯವಾದ ಪ್ರಾಣಿಗಳು ಹಾವುಗಳು. ಹಾವುಗಳನ್ನು ಹುರುಪೆ, ಬಣ್ಣ, ತಲೆಯ ಆಕಾರ ನೋಡಿ ಜಾತಿ ಉಪಜಾತಿಗಳಾಗಿ ವಿಂಗಡಿಸುವ ಅಭ್ಯಾಸವನ್ನೇ ಆತ ಹಳೆಯ ವಾದ್ಯಗಳ ಮೇಲೂ ಪ್ರಯೋಗಿಸಿದನು. ಯಾವ ಕಾರ್ಖಾನೆ ಯಾವ ವರ್ಷ ಯಾವ ಮರವನ್ನು ಬಳಸಿತು, ಅಂಚಿನ ಅಲಂಕಾರ ಯಾವಾಗ ಬದಲಾಯಿತು, ಬಿರಡೆಯ ಗುಂಡಿ ಲೋಹದ್ದೋ ಪ್ಲಾಸ್ಟಿಕ್ಕಿನದೋ ಎಂದು ಸಾವಿರಾರು ವಾದ್ಯಗಳನ್ನು ನೋಡಿ ಬರೆದಿಟ್ಟನು. ವಾಲ್ಟರ್ ಕಾರ್ಟರ್ ಎಂಬ ಇತಿಹಾಸಕಾರನೊಡನೆ ಸೇರಿ ಅವನು 1991ರಲ್ಲಿ ಹೊರತಂದ ಕೈಪಿಡಿ ಈ ವ್ಯಾಪಾರದವರಿಗೆಲ್ಲ ಪಂಚಾಂಗದಂತಾಯಿತು. ಅಂಗಡಿಯೂ ಬೆಳೆದು ಬ್ರಾಡ್‌ವೇಗೆ ಬಂದು, 2013ರಲ್ಲಿ ಪ್ರವಾಸಿಗರ ಗದ್ದಲದಿಂದ ದೂರವಾದ ಎಂಟನೆಯ ಅವೆನ್ಯೂಗೆ ಹೋಯಿತು. ಈ ವಿದ್ಯೆಯನ್ನು ಬಲ್ಲ ಬೇರೆ ವ್ಯಾಪಾರಿಗಳೂ ಊರಿನಲ್ಲಿ ನೆಲೆಸಿದರು. ಹೀಗಾಗಿ ಅಮೆರಿಕದ ಯಾವ ಮೂಲೆಯ ಅಟ್ಟದ ಮೇಲೆ ಹಳೆಯ ಗಿಟಾರೊಂದು ಸಿಕ್ಕಿದರೂ, “ನ್ಯಾಶ್‌ವಿಲ್ಲಿನಲ್ಲಿ ತೋರಿಸಿ” ಎನ್ನುವವರು ಯಾರಾದರೂ ಇದ್ದೇ ಇರುತ್ತಾರೆ.

ಹಾಗೆ ತೋರಿಸಲು ಬರುವವರು ಸಂಗೀತಗಾರರಿಗಿಂತ ಹೆಚ್ಚಾಗಿ ಸಂಸಾರಸ್ಥರು. ಅಜ್ಜನದೋ ಚಿಕ್ಕಪ್ಪನದೋ ವಾದ್ಯ. ಅವರು ತೀರಿಕೊಂಡ ಮೇಲೆ ನುಡಿಸುವವರಿಲ್ಲ. ಮನೆಯಲ್ಲಿ ಹಣದ ಅವಶ್ಯಕತೆ ಇದೆ. ಹಳೆಯದೆಲ್ಲ ಬೆಲೆಬಾಳುತ್ತದೆಂಬ ನಂಬಿಕೆ ಎಲ್ಲ ದೇಶಗಳಲ್ಲೂ ಒಂದೇ. ಆದರೆ ಅಟ್ಟದಿಂದ ಇಳಿದು ಬರುವ ಗಿಟಾರುಗಳಲ್ಲಿ ಬಹುಪಾಲು ಷಿಕಾಗೋ ನಗರದ ದೊಡ್ಡ ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ತಯಾರಾಗಿ, ಸಿಯರ್ಸ್ ಕಂಪೆನಿಯಂಥವರ ಕ್ಯಾಟಲಾಗು ನೋಡಿ ಅಂಚೆಯ ಮೂಲಕ ತರಿಸಿಕೊಂಡ ಅಗ್ಗದ ವಾದ್ಯಗಳು. ಹಾರ್ಮೊನಿ, ಸಿಲ್ವರ್‌ಟೋನ್, ಸ್ಟೆಲ್ಲಾ ಎಂಬ ಹೆಸರುಗಳನ್ನು ಹೊತ್ತ ಇವು ಒಂದು ತಲೆಮಾರಿನ ಹಳ್ಳಿಗರಿಗೆ ಸಂಗೀತವನ್ನು ಕಲಿಸಿದವು. ಅವುಗಳ ಉಪಕಾರ ದೊಡ್ಡದು, ಬೆಲೆ ಮಾತ್ರ ಸಣ್ಣದು. ಅಂಗಡಿಯಾತ ಪೆಟ್ಟಿಗೆಯ ಮುಚ್ಚಳ ತೆರೆದು ಒಂದು ಕ್ಷಣ ಸುಮ್ಮನಿದ್ದು, “ಇದನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಮಕ್ಕಳು ಕಲಿಯಲಿ” ಎಂದರೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಚ್ಚಳ ತೆರೆದಾಗ ಅಂಗಡಿಯಾತನ ಮುಖ ಅರಳಬೇಕಾದರೆ ಗಿಟಾರಿನ ತಲೆಯ ಮೇಲೆ ಇರಬೇಕಾದ ಹೆಸರುಗಳು ಎರಡು: ಗಿಬ್ಸನ್ ಅಥವಾ ಮಾರ್ಟಿನ್. ಗಿಬ್ಸನ್ನರ ಕಾರ್ಖಾನೆ ಮಿಷಿಗನ್ ಪ್ರಾಂತದ ಕಲಮಜೂ ಎಂಬ ಊರಿನಲ್ಲಿತ್ತು. ಎರಡನೆಯ ಮಹಾಯುದ್ಧದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಅಲ್ಲಿ ಗಿಟಾರುಗಳನ್ನು ಮಾಡಿದವರು ಬಹುಮಟ್ಟಿಗೆ ಹೆಂಗಸರು. 1942ರಲ್ಲಿ ಹೊರಬಂದ ಜೆ-45 ಎಂಬ ಮಾದರಿಗೆ ಆ ಹೆಸರು ಬಂದದ್ದು ಅದರ ಬೆಲೆ 45 ಡಾಲರು ಇದ್ದುದರಿಂದ. ಆ ಕಾಲದ ಜೆ-45ನ್ನು ಕೊಳ್ಳಲು ಇಂದು ಸಾವಿರಗಳಲ್ಲಿ ಎಣಿಸಬೇಕು.

ಮಾರ್ಟಿನ್ನರ ಕತೆ ಇನ್ನೂ ಹಳೆಯದು. ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ ಹುಟ್ಟಿದ್ದು 1796ರಲ್ಲಿ, ಜರ್ಮನಿಯ ಸ್ಯಾಕ್ಸನಿ ಸೀಮೆಯ ಮಾರ್ಕ್‌ನೊಯ್‌ಕಿರ್ಷನ್ ಎಂಬಲ್ಲಿ. ವಿಯೆನ್ನಾದಲ್ಲಿ ಸ್ಟೌಫರ್ ಎಂಬ ಹೆಸರಾಂತ ಕುಶಲಿಯ ಬಳಿ ಕೆಲಸ ಕಲಿತು ಊರಿಗೆ ಮರಳಿದರೆ ಅಲ್ಲೊಂದು ವ್ಯಾಜ್ಯ ಕಾದಿತ್ತು. ಗಿಟಾರು ಮಾಡುವ ಹಕ್ಕು ತಮ್ಮದೇ ಎಂದು ಪಿಟೀಲು ಮಾಡುವವರ ಸಂಘ ಹಟ ಹಿಡಿದಿತ್ತು. ಮಾರ್ಟಿನ್ನನ ಮನೆತನದವರು ಮರದ ಪೀಠೋಪಕರಣ ಮಾಡುವವರ ಸಂಘಕ್ಕೆ ಸೇರಿದವರು. ವರ್ಷಗಟ್ಟಲೆ ನಡೆದ ಈ ಜಗಳದಿಂದ ಬೇಸತ್ತು ಆತ 1833ರಲ್ಲಿ ನ್ಯೂಯಾರ್ಕಿಗೆ ಹಡಗು ಹತ್ತಿದನು. ಕೆಲವು ವರ್ಷಗಳಲ್ಲೇ ಪೆನ್ಸಿಲ್ವೇನಿಯಾ ಪ್ರಾಂತದ ನಜರೆತ್ ಎಂಬ ಶಾಂತವಾದ ಊರಿನ ಬಳಿ ನೆಲೆನಿಂತನು. ಜಾತಿಕಟ್ಟಿನ ಜಗಳಗಳು ಒಂದೂರಿಗೆ ಮಾಡಿದ ನಷ್ಟ ಇನ್ನೊಂದೂರಿಗೆ ಲಾಭವಾಗಿ ಪರಿಣಮಿಸಿದ ಉದಾಹರಣೆಗಳಲ್ಲಿ ಇದೂ ಒಂದು. 1931ರಲ್ಲಿ ಕಂಪೆನಿ ತನ್ನ ಸ್ವಂತ ಹೆಸರಿನಲ್ಲಿ ಮಾರಲಾರಂಭಿಸಿದ ದೊಡ್ಡ ಒಡಲಿನ ಗಿಟಾರಿಗೆ, 1906ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧನೌಕೆಯ ನೆನಪಿನಲ್ಲಿ ‘ಡ್ರೆಡ್‌ನಾಟ್’ ಎಂಬ ಹೆಸರಿತ್ತು. ಡಿ-18, ಡಿ-28, ಡಿ-45 ಎಂಬಲ್ಲಿ ‘ಡಿ’ ಎಂಬುದು ಅದರ ಮೊದಲಕ್ಷರವೇ. ಯುದ್ಧಕಾಲದವರೆಗೆ, ಅಂದರೆ 1933ರಿಂದ 1942ರವರೆಗೆ, ತಯಾರಾದ ಡಿ-45ಗಳು ಒಟ್ಟು 91 ಮಾತ್ರ. ಅವುಗಳ ಬೆಲೆ ಇಂದು ಲಕ್ಷಗಟ್ಟಲೆ ಡಾಲರು.

ಮಾರಾಟದ ಕ್ರಮ ತಿಳಿಯಲು ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಕೆಂಟಕಿಯ ಗುಡ್ಡನಾಡಿನ ವೃದ್ಧೆಯೊಬ್ಬಳು ಮಗನೊಡನೆ ಕಾರಿನಲ್ಲಿ ನಾಲ್ಕು ಗಂಟೆ ಪ್ರಯಾಣ ಮಾಡಿ ಬಂದಿದ್ದಾಳೆ ಎಂದಿಟ್ಟುಕೊಳ್ಳಿ. ಹಿಂದಿನ ಆಸನದ ಮೇಲೆ, ಮಗುವನ್ನು ಮಲಗಿಸಿದಂತೆ, ಕಪ್ಪು ಪೆಟ್ಟಿಗೆಯನ್ನು ಮಲಗಿಸಿದ್ದಾರೆ. ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತಿದ್ದ ಅವಳ ತಂದೆ ಕೊಂಡ ಗಿಟಾರು ಅದು. ಮನೆಯ ಛಾವಣಿ ಸೋರುತ್ತಿದೆ, ಆಸ್ಪತ್ರೆಯ ಬಿಲ್ಲು ಬಾಕಿ ಇದೆ. ಇದಕ್ಕಿಂತ ವಿಶೇಷವಾದ ಕಾರಣವೇನೂ ಬೇಕಾಗಿಲ್ಲ.

ಅಂಗಡಿಯಾತ ಮೊದಲು ನುಡಿಸುವುದಿಲ್ಲ. ಹೊಸಬರಿಗೆ ಆಶ್ಚರ್ಯವಾಗುವುದು ಇಲ್ಲಿಯೇ. ತಂತಿಗಳ ನಡುವೆ, ನಾದ ಹೊರಡುವ ದುಂಡನೆಯ ರಂಧ್ರದೊಳಗೆ ಪುಟ್ಟ ದೀಪವನ್ನೂ ದಂತವೈದ್ಯರ ಬಳಿ ಇರುವಂಥ ಸಣ್ಣ ಕನ್ನಡಿಯನ್ನೂ ಇಳಿಸುತ್ತಾನೆ. ಕತ್ತು ಒಡಲನ್ನು ಸೇರುವ ಕಡೆ ಒಳಗಿನ ಮರದ ತುಂಡಿನ ಮೇಲೆ ಒತ್ತಿದ ಅಂಕಿಗಳಿರುತ್ತವೆ. ಮಾರ್ಟಿನ್ ಕಂಪೆನಿ 1898ರಲ್ಲಿ 8,000ದಿಂದ ಎಣಿಕೆ ಆರಂಭಿಸಿ ಸಂಖ್ಯೆ ತಪ್ಪದಂತೆ ಮುಂದುವರಿಸಿಕೊಂಡು ಬಂದಿದೆ. ಹತ್ತು ಲಕ್ಷದ ಸಂಖ್ಯೆ ಮುಟ್ಟಿದ್ದು 2004ರಲ್ಲಿ. 1940ರ ಕೊನೆಯ ಸಂಖ್ಯೆ 76,734. 1941ರ ಕೊನೆಯದು 80,013. ವೃದ್ಧೆಯ ಗಿಟಾರಿನ ಸಂಖ್ಯೆ ಇವೆರಡರ ನಡುವೆ ಇದ್ದರೆ ಅದರ ಜನ್ಮವರ್ಷದಲ್ಲಿ ಸಂದೇಹವಿಲ್ಲ. 1930ರ ಅಕ್ಟೋಬರಿನಿಂದೀಚೆಗೆ ಸಂಖ್ಯೆಯ ಮೇಲ್ಗಡೆ ಮಾದರಿಯ ಹೆಸರನ್ನೂ ಒತ್ತುತ್ತಿದ್ದರಾದ್ದರಿಂದ ಅದು ಡಿ-28 ಎಂಬುದೂ ಗೊತ್ತಾಗುತ್ತದೆ. ಮನುಷ್ಯರ ಜಾತಕಗಳು ಇಷ್ಟು ಸ್ಪಷ್ಟವಾಗಿರುವುದು ಅಪರೂಪ!

ಅಲ್ಲಿಂದ ಮುಂದೆ ನಿಜವಾದ ಪರೀಕ್ಷೆ. ಗಿಟಾರಿನ ಮುಂಬದಿಯ ಹಲಗೆ ಸುಮಾರು 3 ಮಿಲಿಮೀಟರು ದಪ್ಪದ ಸ್ಪ್ರೂಸ್ ಮರದ್ದು. ಉಕ್ಕಿನ ಆರು ತಂತಿಗಳು ಶ್ರುತಿಗೆ ಬಂದಾಗ ಅದರ ಮೇಲೆ 70-80 ಕಿಲೋಗ್ರಾಮಿನಷ್ಟು ಎಳೆತ ಬೀಳುತ್ತದೆ; ಅಂದರೆ ಒಬ್ಬ ಆಳಿನ ತೂಕ. ಈ ಎಳೆತಕ್ಕೆ ಹಲಗೆ ಕುಸಿಯದಂತೆ ಒಳಗಡೆ ಗುಣಾಕಾರ ಚಿಹ್ನೆಯಂತೆ ಎರಡು ಪಟ್ಟಿಗಳನ್ನು ಅಂಟಿಸಿರುತ್ತಾರೆ. ಪಟ್ಟಿ ದಪ್ಪವಾದರೆ ಹಲಗೆ ಗಟ್ಟಿ, ಆದರೆ ನಾದ ಮಂಕು. ಪಟ್ಟಿ ತೆಳುವಾದರೆ ನಾದ ಚೆನ್ನ, ಆದರೆ ಹಲಗೆಯ ಆಯುಸ್ಸಿಗೆ ಅಪಾಯ. 1944ರವರೆಗಿನ ಮಾರ್ಟಿನ್ ಗಿಟಾರುಗಳಲ್ಲಿ ಈ ಪಟ್ಟಿಗಳನ್ನು ಉಳಿಯಿಂದ ಅಲೆಯಲೆಯಾಗಿ ಕೆತ್ತಿ ಹಗುರಮಾಡುತ್ತಿದ್ದರು. ಜನರು ದಪ್ಪ ತಂತಿಗಳನ್ನು ಬಿಗಿಯಲಾರಂಭಿಸಿ ವಾದ್ಯಗಳು ದುರಸ್ತಿಗೆ ಬರತೊಡಗಿದಾಗ ಕಂಪೆನಿ ಆ ಕೆತ್ತನೆಯನ್ನು ನಿಲ್ಲಿಸಿತು. ಕೆಲವೇ ವರ್ಷಗಳಲ್ಲಿ, 1947ರಲ್ಲಿ, ಅಂಚಿನ ಸುತ್ತ ಮೀನಿನ ಮುಳ್ಳಿನ ಆಕಾರದಲ್ಲಿ ಕೂಡಿಸುತ್ತಿದ್ದ ಮರದ ಕುಸುರಿಯೂ ನಿಂತಿತು. ಇವೆರಡೂ ಇರುವ ಡಿ-28ನ್ನು ಹುಡುಕಿಕೊಂಡು ಜನ ದೇಶ ಸುತ್ತುತ್ತಾರೆ. ಅದರ ನಾದ ನಿಜವಾಗಿಯೂ ಬೇರೆಯೇ? ಗುಡ್ಡನಾಡಿನ ಬ್ಲೂಗ್ರಾಸ್ ಸಂಗೀತದಲ್ಲಿ ಬ್ಯಾಂಜೋ ಪಿಟೀಲುಗಳ ಅಬ್ಬರದ ನಡುವೆ ಈ ಗಿಟಾರಿನ ಮಂದ್ರ ಮುಳುಗದೆ ತೇಲುತ್ತದೆಂದು ಕಿವಿಯುಳ್ಳವರು ಆಣೆಯಿಟ್ಟು ಹೇಳುತ್ತಾರೆ. ಬೆಲೆಯಲ್ಲಿ ಎಷ್ಟು ಪಾಲು ನಾದದ್ದು, ಎಷ್ಟು ಪಾಲು ಅಪರೂಪದ್ದು ಎಂದು ಬಿಡಿಸಲು ಮಾತ್ರ ಯಾರಿಂದಲೂ ಆಗದು.

ಕನ್ನಡಿ ಹೊರಬರುತ್ತದೆ. ಪಟ್ಟಿಗಳ ಕೆತ್ತನೆ ಇದೆ. ಬೆನ್ನಿನ ಹಲಗೆಯಲ್ಲಿ ಒಂದು ಸೀಳಿದೆ, ಅಂಟಿಸಿದ್ದಾರೆ. ಕತ್ತು ಸ್ವಲ್ಪ ಮುಂದಕ್ಕೆ ಬಾಗಿದೆ. ಇವೆಲ್ಲ ವಯಸ್ಸಿಗೆ ಸಹಜವಾದ ಬೇನೆಗಳು, ಬಲ್ಲವರು ಸರಿಪಡಿಸಬಹುದು. ಅನಂತರ ಅಂಗಡಿಯಾತ ಗಿಟಾರನ್ನು ಒಳಕೋಣೆಗೆ ಒಯ್ದು ದೀಪ ಆರಿಸಿ ನೇರಳಾತೀತ ಕಿರಣದ ಬೆಳಕನ್ನು ಹಾಯಿಸುತ್ತಾನೆ. ಹಳೆಯ ಕಾಲದ ಮೆರುಗೆಣ್ಣೆ ಆ ಬೆಳಕಿನಲ್ಲಿ ಹಸುರುಮಿಶ್ರಿತ ಹಳದಿಯಾಗಿ ಮಿನುಗುತ್ತದೆ. ಆಮೇಲೆ ಬಳಿದದ್ದು ಹಾಗೆ ಮಿನುಗುವುದಿಲ್ಲ. ವೃದ್ಧೆಯ ಗಿಟಾರಿನ ಬೆನ್ನು ಮಿನುಗಿತು, ಪಕ್ಕಗಳು ಮಿನುಗಿದವು. ಮುಂಬದಿಯ ಹಲಗೆ ಮಾತ್ರ ಕಪ್ಪಾಗಿಯೇ ಉಳಿಯಿತು.

“ಮುಂಬದಿಗೆ ಮತ್ತೆ ಬಣ್ಣ ಮಾಡಿಸಿದ್ದೀರಾ ಅಮ್ಮ?”

“ನಾನಲ್ಲ. ಅಪ್ಪ ಮಾಡಿಸಿದ್ದು. ನನ್ನ ಮದುವೆಗೆ ನುಡಿಸಬೇಕು, ಹೊಸದರ ಹಾಗೆ ಕಾಣಬೇಕು ಅಂತ.”

ಅಂಗಡಿಯಾತನಿಗೆ ಇಂಥ ಉತ್ತರ ಹೊಸದಲ್ಲ. ಮನೆಯಲ್ಲಿ ವಿಶೇಷ ಬಂದಾಗ ಅಜ್ಜಿಯ ವೀಣೆಗೆ ಪಾಲಿಷು ಹಚ್ಚಿಸುವುದು ಕನ್ನಡ ನಾಡಿನ ಸಂಸಾರಗಳಲ್ಲೂ ಉಂಟಲ್ಲವೆ? ಪ್ರೀತಿಯಿಂದ ಮಾಡಿದ ಕೆಲಸ. ಆದರೆ ಈ ಪೇಟೆಯ ಲೆಕ್ಕದಲ್ಲಿ ಮೂಲದ ಮೆರುಗನ್ನು ಕೆರೆದು ಹೊಸದನ್ನು ಬಳಿದ ವಾದ್ಯಕ್ಕೆ ಅದರ ಪೂರ್ಣ ಬೆಲೆಯ ಸುಮಾರು ಅರ್ಧ ಮಾತ್ರ. ಉಗುರಿನಿಂದ ಗೀರಿದ ಗುರುತು, ಬೆವರಿನಿಂದ ಮಾಸಿದ ಜಾಗ, ಸಿಗರೇಟಿನ ಕಲೆ ಎಲ್ಲವೂ ಹಾಗೆಯೇ ಇದ್ದಿದ್ದರೆ ದುಪ್ಪಟ್ಟು ಸಿಗುತ್ತಿತ್ತೆಂದು ಆ ತಾಯಿಗೆ ಹೇಗೆ ಹೇಳುವುದು? ಹೇಳಲೇಬೇಕು. ಪ್ರಾಮಾಣಿಕನಾದ ವ್ಯಾಪಾರಿ ಮೆಲ್ಲನೆ, ಆದರೆ ಸ್ಪಷ್ಟವಾಗಿ ಹೇಳುತ್ತಾನೆ. ಇದೇ ಕಾರಣಕ್ಕೆ, ಮಾರಲು ತರುವ ಮೊದಲು ಗಿಟಾರನ್ನು ಉಜ್ಜಬೇಡಿ, ತೊಳೆಯಬೇಡಿ, ಬಿರಡೆ ಬದಲಿಸಬೇಡಿ, ಧೂಳಿದ್ದರೆ ಧೂಳಿನೊಂದಿಗೇ ತನ್ನಿ ಎಂದು ಇಂಥ ಅಂಗಡಿಗಳವರು ಮೊದಲೇ ಬೇಡಿಕೊಳ್ಳುವುದು.

ಹೀಗೆ ಅರ್ಧವಾದ ಮೇಲೂ ಉಳಿಯುವ ಮೊತ್ತ ಸಣ್ಣದಲ್ಲ. ಸುಸ್ಥಿತಿಯಲ್ಲಿರುವ ಯುದ್ಧಪೂರ್ವದ ಡಿ-28ಕ್ಕೆ ಹತ್ತಾರು ಸಾವಿರ ಡಾಲರುಗಳ ಬೆಲೆಯಿದೆ. ಆದರೆ ಅಂಗಡಿಯ ಗೋಡೆಯ ಮೇಲಿನ ಬೆಲೆಯೇ ಮಾರುವವರ ಕೈಗೆ ಬರುವುದಿಲ್ಲ. ದಾರಿಗಳು ಎರಡು. ಒಂದು, ಇಂದೇ ಹಣ ಪಡೆದು ಹೋಗುವುದು. ಆಗ ವ್ಯಾಪಾರಿ ತನ್ನ ಲಾಭ, ದುರಸ್ತಿಯ ಖರ್ಚು, ತಿಂಗಳುಗಟ್ಟಲೆ ಬಂಡವಾಳ ಸಿಕ್ಕಿಕೊಳ್ಳುವ ತೊಂದರೆ ಎಲ್ಲವನ್ನೂ ಲೆಕ್ಕಹಾಕಿ, ಕೊನೆಯ ಬೆಲೆಯ ಅರ್ಧದಿಂದ ಮುಕ್ಕಾಲಿನ ನಡುವೆ ಎಲ್ಲಾದರೂ ನಿಲ್ಲುತ್ತಾನೆ. ಇನ್ನೊಂದು, ಗಿಟಾರನ್ನು ಅಂಗಡಿಯಲ್ಲಿ ಬಿಟ್ಟು, ಮಾರಾಟವಾದ ಮೇಲೆ ದಲ್ಲಾಳಿಯನ್ನು ಮುರಿದುಕೊಂಡು ಉಳಿದದ್ದನ್ನು ಪಡೆಯುವುದು. ಎರಡನೆಯದರಲ್ಲಿ ಹೆಚ್ಚು ಹಣ ಬರುತ್ತದೆ. ಆದರೆ ಅದು ಬರುವ ತಿಂಗಳು ಯಾವುದೆಂದು ದೇವರೇ ಬಲ್ಲ. ಮಗ ಎರಡನೆಯದನ್ನೇ ಒತ್ತಾಯಿಸುತ್ತಾನೆ. ತಾಯಿಯ ಕಣ್ಣ ಮುಂದೆ ಇರುವುದು ಸೋರುವ ಛಾವಣಿ. ಈ ಚರ್ಚೆ ನಡೆಯುವಾಗ ಒಳ್ಳೆಯ ವ್ಯಾಪಾರಿ ತಾನಾಗಿ ಎದ್ದು ಹೊರಗೆ ಹೋಗುತ್ತಾನೆ.

ಇಷ್ಟು ಸಾಲದೆಂಬಂತೆ ಮರದ ಪ್ರಶ್ನೆ ಒಂದಿದೆ. ಇಲ್ಲಿಯೇ ಈ ದೂರದ ಪೇಟೆಗೂ ಮಲೆನಾಡಿನ ಕಾಡಿಗೂ ನೆಂಟಸ್ತಿಕೆ ಬೆಳೆಯುವುದು. 1941ರ ಡಿ-28ರ ಬೆನ್ನು ಮತ್ತು ಪಕ್ಕಗಳು ಬ್ರೆಜಿಲ್ ದೇಶದ ರೋಸ್‌ವುಡ್ ಮರದವು. ಆ ಮರ ಕಾಡಿನಲ್ಲಿ ವಿರಳವಾಗುತ್ತ ಬಂದು, ಬ್ರೆಜಿಲ್ ಸರಕಾರ ದಿಮ್ಮಿಗಳ ರಫ್ತನ್ನು ತಡೆದಾಗ, ಮಾರ್ಟಿನ್ ಕಂಪೆನಿ 1969ರಲ್ಲಿ ಭಾರತದ ಕಡೆಗೆ ಮುಖ ಮಾಡಿತು. ಭಾರತದ ರೋಸ್‌ವುಡ್ ಎಂದರೆ ಬೇರೆ ಏನೂ ಅಲ್ಲ, ಪಶ್ಚಿಮ ಘಟ್ಟದ ಬೀಟೆ. ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟದಲ್ಲಿ ನೆರಳು ಕೊಡುವ, ಮೈಸೂರಿನ ಕುಸುರಿ ಕೆಲಸಗಾರರು ಚಿತ್ರ ಕೂಡಿಸುವ, ಅರಮನೆಯ ಬಾಗಿಲುಗಳಿಗೆ ಬಳಸಿದ ಅದೇ ಬೀಟೆ. ಅಂದಿನಿಂದ ಪ್ರಪಂಚದಲ್ಲಿ ತಯಾರಾದ ಒಳ್ಳೆಯ ಗಿಟಾರುಗಳಲ್ಲಿ ಎಷ್ಟೋ ಘಟ್ಟದ ಮರದ ಬೆನ್ನನ್ನು ಹೊತ್ತಿವೆ. ಇಷ್ಟಾದರೂ ಪೇಟೆಯಲ್ಲಿ ಬ್ರೆಜಿಲ್ಲಿನ ಮರಕ್ಕೇ ಹಿರಿಮೆ. 1969ರ ಆಚೆಯದೋ ಈಚೆಯದೋ ಎಂಬ ಒಂದೇ ಮಾತಿನ ಮೇಲೆ ಬೆಲೆ ಏರಿಳಿಯುತ್ತದೆ. ಬೀಟೆಯ ನಾದ ಕೀಳೆಂದು ಕಣ್ಣು ಕಟ್ಟಿಕೊಂಡು ಕೇಳಿದವರು ಹೇಳಲಾರರು. ಸಿಗದ ವಸ್ತುವಿಗೆ ಸಿಗುವ ವಸ್ತುವಿಗಿಂತ ಗೌರವ ಹೆಚ್ಚು, ಅಷ್ಟೆ.

1992ರಲ್ಲಿ ಬ್ರೆಜಿಲ್ಲಿನ ರೋಸ್‌ವುಡ್ಡನ್ನು ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದದ ಮೊದಲನೆಯ ಪಟ್ಟಿಗೆ ಸೇರಿಸಿದರು. ಹುಲಿ, ಆನೆಗಳ ಸಾಲಿನಲ್ಲಿ ನಿಲ್ಲುವ ಪಟ್ಟಿ ಅದು. ಪರಿಣಾಮವೆಂದರೆ ಜಪಾನಿನಲ್ಲೋ ಇಂಗ್ಲೆಂಡಿನಲ್ಲೋ ಇರುವ ಶ್ರೀಮಂತನೊಬ್ಬ ವೃದ್ಧೆಯ ಗಿಟಾರಿಗೆ ಹೆಚ್ಚಿನ ಬೆಲೆ ಕೊಡುತ್ತೇನೆಂದರೂ, ಇದು ನಿಷೇಧಕ್ಕೆ ಮೊದಲೇ ಕಡಿದ ಮರವೆಂದು ಸಾಬೀತುಪಡಿಸಿ ಪರವಾನಗಿ ಪಡೆಯುವವರೆಗೆ ಗಿಟಾರು ಗಡಿ ದಾಟುವಂತಿಲ್ಲ. 2017ರ ಜನವರಿಯಲ್ಲಿ ಬೀಟೆಯೂ ಸೇರಿದಂತೆ ಆ ಕುಲದ ಎಲ್ಲ ಮರಗಳೂ ಎರಡನೆಯ ಪಟ್ಟಿಗೆ ಬಂದವು. ಗಿಟಾರು ಮಾಡುವವರೂ ವಾದ್ಯಗಾರರೂ ಗೋಳಾಡಿದರು. 2019ರ ನವೆಂಬರಿನಲ್ಲಿ, ತಯಾರಾದ ವಾದ್ಯಗಳಿಗೆ ವಿನಾಯಿತಿ ದೊರೆಯಿತು; ಬ್ರೆಜಿಲ್ಲಿನ ಮರಕ್ಕೆ ಮಾತ್ರ ಆ ವಿನಾಯಿತಿ ಸಿಗಲಿಲ್ಲ.

ಭಾರತದ ಮರದ ಹೆಸರು ನ್ಯಾಶ್‌ವಿಲ್ಲಿನಲ್ಲಿ ಮನೆಮಾತಾದದ್ದು 2011ರ ಆಗಸ್ಟಿನಲ್ಲಿ. ಅಂದು ಫೆಡರಲ್ ಸರಕಾರದ ಅಧಿಕಾರಿಗಳು ಊರಿನಲ್ಲಿದ್ದ ಗಿಬ್ಸನ್ ಕಾರ್ಖಾನೆಯ ಮೇಲೆ ದಾಳಿಮಾಡಿ ಭಾರತದಿಂದ ಬಂದಿದ್ದ ಬೀಟೆ ಮತ್ತು ಕರಿಮರದ ಪಟ್ಟಿಗಳನ್ನು ವಶಪಡಿಸಿಕೊಂಡರು. ಬೆರಳಾಡಿಸುವ ಪಟ್ಟಿಗಾಗಿ ಕೊಯ್ದ ಮರ ಅದು. ಭಾರತದ ರಫ್ತು ನಿಯಮದಂತೆ ಅದನ್ನು ಕೊಯ್ದ ಹಲಗೆಯೆನ್ನಬೇಕೋ ಸಿದ್ಧವಸ್ತುವೆನ್ನಬೇಕೋ ಎಂಬುದು ವಿವಾದ. 6 ಮಿಲಿಮೀಟರಿಗಿಂತ ದಪ್ಪವೋ ತೆಳುವೋ ಎಂಬ ಲೆಕ್ಕದ ಸುತ್ತ ಅದು ತಿರುಗಿತು. 2012ರಲ್ಲಿ ಸರಕಾರದೊಡನೆ ಒಪ್ಪಂದವಾಯಿತು. ಮಡಗಾಸ್ಕರಿನ ಕರಿಮರಕ್ಕೆ ಸಂಬಂಧಪಟ್ಟ ಇನ್ನೊಂದು ಪ್ರಕರಣವೂ ಸೇರಿ ಕಂಪೆನಿ 3 ಲಕ್ಷ ಡಾಲರು ದಂಡ ತೆತ್ತಿತು. ಭಾರತದ ಮರ ಹಿಂದಿರುಗಿ ಬಂದಿತು. ರಾಜಕಾರಣಿಗಳು ತಿಂಗಳುಗಟ್ಟಲೆ ಇದನ್ನೇ ಹಿಡಿದು ಭಾಷಣ ಮಾಡಿದರು. ಘಟ್ಟದ ಮರದ ದಪ್ಪವನ್ನು ಕುರಿತು ವಾಷಿಂಗ್‌ಟನ್ನಿನಲ್ಲಿ ಅಷ್ಟೊಂದು ಚರ್ಚೆ ಹಿಂದೆಂದೂ ಆಗಿರಲಾರದು.

ವಾದ್ಯದ ಬೆಲೆ ಒಂದು ಬಗೆಯಾದರೆ ಕೈಯ ಬೆಲೆ ಇನ್ನೊಂದು ಬಗೆ. ಕರ್ಟ್ ಕೊಬೇನ್ ಎಂಬ ಗಾಯಕ ನುಡಿಸಿದ 1959ರ ಮಾರ್ಟಿನ್ ಗಿಟಾರು 2020ರ ಜೂನಿನಲ್ಲಿ ಹರಾಜಿನಲ್ಲಿ 60 ಲಕ್ಷ ಡಾಲರನ್ನು ಮೀರಿತು. ಅದರ ಮಾದರಿ ಒಳ್ಳೆಯ ನಾದಕ್ಕೆ ಹೆಸರಾದದ್ದೇನೂ ಅಲ್ಲ. ಆದರೆ ನ್ಯಾಶ್‌ವಿಲ್ಲಿನವರು ಹೆಚ್ಚು ಗೌರವದಿಂದ ನೆನೆಯುವುದು ಇನ್ನೊಂದು ಗಿಟಾರನ್ನು: ಮೇಬೆಲ್ ಕಾರ್ಟರಳ 1928ರ ಗಿಬ್ಸನ್ ಎಲ್-5. ವರ್ಜೀನಿಯಾದ ಬೆಟ್ಟಗಳ ಈ ಗೃಹಿಣಿ ಮಂದ್ರದ ತಂತಿಗಳ ಮೇಲೆ ಹೆಬ್ಬೆರಳಿನಿಂದ ರಾಗವನ್ನೂ ಉಳಿದ ಬೆರಳುಗಳಿಂದ ತಾಳವನ್ನೂ ಒಟ್ಟಿಗೆ ನಡೆಸಿ, ಒಂದು ದೇಶದ ಗಿಟಾರು ವಾದನದ ರೀತಿಯನ್ನೇ ಬದಲಿಸಿದಳು. ಆ ಗಿಟಾರು ಮಾರಾಟಕ್ಕೆ ಬಂದಾಗ ಎಲ್ಲಿ ಯಾರ ಖಾಸಗಿ ತಿಜೋರಿಗೆ ಸೇರಿಬಿಡುವುದೋ ಎಂದು ಊರು ಕಳವಳಗೊಂಡಿತ್ತು. ದಾನಿಯೊಬ್ಬರ ಹಣದಿಂದ ಅದು ಊರಿನ ಕಂಟ್ರಿ ಸಂಗೀತದ ವಸ್ತುಸಂಗ್ರಹಾಲಯಕ್ಕೆ ದಕ್ಕಿತು. ಗಾಜಿನ ಹಿಂದೆ ನಿಂತಿರುವ ಅದನ್ನು ನೋಡಲು ಟಿಕೆಟು ಕೊಂಡರೆ ಸಾಕು. ಹ್ಯಾಂಕ್ ವಿಲಿಯಮ್ಸನ 1941ರ ಡಿ-28 ನೀಲ್ ಯಂಗನ ಪಾಲಾಯಿತು; ಆತ 2005ರಲ್ಲಿ ಅದನ್ನು ರೈಮನ್ ವೇದಿಕೆಯ ಮೇಲೆ ತಂದು ನುಡಿಸಿದನು. ಗಿಟಾರಿಗೆ ಗಾಜಿನ ಮನೆ ಒಳ್ಳೆಯದೋ ಕೈಯ ಬೆವರು ಒಳ್ಳೆಯದೋ ಎಂಬ ವಾದಕ್ಕೆ ಈ ಎರಡು ವಾದ್ಯಗಳು ಎರಡು ಕಡೆಯ ಸಾಕ್ಷಿಗಳು.

ಯಾವ ಮನೆಯಲ್ಲಿದ್ದರೂ ಮರ ಮರವೇ. 2010ರ ಮೇ ತಿಂಗಳ ಮೊದಲೆರಡು ದಿನ ಇಲ್ಲಿ 13 ಅಂಗುಲಕ್ಕೂ ಮೀರಿ ಮಳೆ ಸುರಿಯಿತು. ಕಂಬರ್ಲೆಂಡ್ ನದಿ ಉಕ್ಕಿ ಊರೊಳಗೆ ನುಗ್ಗಿತು. ನದಿಯಂಚಿನ ದೊಡ್ಡದೊಂದು ಉಗ್ರಾಣದಲ್ಲಿ ಊರಿನ ಸಂಗೀತಗಾರರು ತಮ್ಮ ವಾದ್ಯಗಳನ್ನು ಇಡುತ್ತಿದ್ದರು. ಕೆಸರು ನೀರು ದಿನಗಟ್ಟಲೆ ಅದರೊಳಗೆ ನಿಂತಿತು. ಬಾಗಿಲು ತೆರೆದಾಗ ಪೆಟ್ಟಿಗೆಗಳು ತೇಲುತ್ತಿದ್ದವು. ಅಂಟು ಕರಗಿ ಬೆನ್ನು ಬೇರೆ, ಒಡಲು ಬೇರೆಯಾದ ಗಿಟಾರುಗಳನ್ನು ಬಿಸಿಲಿಗೆ ಹರವಿದರು. ಊರಿನ ದುರಸ್ತಿಗಾರರಿಗೆ ಅದು ಸುಗ್ಗಿಯೆಂದು ಹೇಳುವುದು ಕ್ರೂರವಾದೀತು.

ಕೆಂಟಕಿಯ ವೃದ್ಧೆ ಕಡೆಗೆ ಮೊದಲನೆಯ ದಾರಿಯನ್ನೇ ಹಿಡಿಯುತ್ತಾಳೆಂದು ಭಾವಿಸಬಹುದು. ಇಂಥವರಲ್ಲಿ ಅನೇಕರು ಹಾಗೆಯೇ ಮಾಡುತ್ತಾರೆ. ಚೆಕ್ಕು ಬರೆದಾಯಿತು. ಅಂಗಡಿಯಾತ ಪೆಟ್ಟಿಗೆಯ ಒಳಗಿನ ಸಣ್ಣ ಅರೆಯನ್ನು ತೆರೆದು ಅದರಲ್ಲಿದ್ದದ್ದನ್ನೆಲ್ಲ ಹೊರತೆಗೆದು ಅವಳ ಮುಂದಿಡುತ್ತಾನೆ: ತುಕ್ಕುಹಿಡಿದ ತಂತಿಯ ಸುರುಳಿ, ಆಮೆಚಿಪ್ಪಿನ ಬಣ್ಣದ ಎರಡು ಮೀಟುಗಳು, ಪೆನ್ಸಿಲಿನಲ್ಲಿ ಹಾಡಿನ ಹೆಸರುಗಳನ್ನು ಬರೆದುಕೊಂಡ ಚೀಟಿ. ಮೀಟುಗಳನ್ನೂ ಚೀಟಿಯನ್ನೂ ಅವಳು ಕೈಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಬಳಿಕ ಅವನು ಒಂದು ಬಿಳಿಯ ಹಾಳೆಯನ್ನೂ ಲೇಖನಿಯನ್ನೂ ಕೊಡುತ್ತಾನೆ. ಗಿಟಾರನ್ನು ಯಾರು ಕೊಂಡರು, ಯಾವ ಊರಿನಲ್ಲಿ, ಯಾವ ವರ್ಷ, ಎಲ್ಲೆಲ್ಲಿ ನುಡಿಸಿದರು ಎಂದು ನೆನಪಿದ್ದಷ್ಟನ್ನು ಬರೆದು ಸಹಿ ಮಾಡಿದರೆ ಮುಂದೆ ಕೊಳ್ಳುವವರಿಗೆ ಅನುಕೂಲ. ಅವಳು ನಿಧಾನವಾಗಿ ಬರೆಯುತ್ತಾಳೆ: ತಂದೆಯ ಹೆಸರು, ಗಣಿಯ ಹೆಸರು, ಚರ್ಚಿನ ಹೆಸರು. ಮುಂಬದಿಯ ಬಣ್ಣದ ವಿಷಯವನ್ನೂ, ತನ್ನ ಮದುವೆಯ ತಾರೀಖಿನೊಂದಿಗೆ, ಬರೆಯುತ್ತಾಳೆ. ಹಾಳೆ ತುಂಬುತ್ತದೆ, ಮಗುಚಿ ಹಿಂಬದಿಯಲ್ಲಿ ಮುಂದುವರಿಸುತ್ತಾಳೆ. ಮಗ ಗಡಿಯಾರ ನೋಡಿಕೊಳ್ಳುತ್ತಾನೆ. ಅಂಗಡಿಯಾತ ಆ ಹಾಳೆಯನ್ನು ನಾಲ್ಕಾಗಿ ಮಡಿಸಿ, ಖಾಲಿಯಾದ ಅರೆಯೊಳಗಿಟ್ಟು, ಪೆಟ್ಟಿಗೆಯ ಕೊಂಡಿಗಳನ್ನು ಹಾಕುತ್ತಾನೆ.